ಮಸರಕಲ್ ಸ್ಟಾಪಿನ ಸವತಿ

ಕುಬ್ರಾ ಬೇಗಂಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದು ಅವನ ಹತ್ತಿರ ಏನೋ ಸಿಕ್ಕಿದ್ದರಿಂದ ಅಲ್ಲ, ಸಿಗಬೇಕಾದದ್ದು ಸಿಗದೇ ಹೋದದ್ದರಿಂದ.

ಬೇರೆಯವರ ಹೆಂಡಂದಿರು ಗಂಡನ ಜೇಬು ತಡಕುತ್ತಾರೆ. ಕುಬ್ರಾ ತಡಕುತ್ತಿದ್ದದ್ದು ಚೂರಿನ ಚೀಲ. ಅವಳ ಗಂಡ ಹುಸೇನಪೀರ ಬಳೆಗಾರ. ರಾಯಚೂರಿನ ಮನೆಯಿಂದ ಹೆಗಲಿಗೆ ಬಳೆಯ ಮಲಾರ ಏರಿಸಿಕೊಂಡು ಹೊರಟರೆ ದಿನಕ್ಕೊಂದು ಊರು, ಶನಿವಾರ ದೇವದುರ್ಗದ ಸಂತೆ. ಹೆಂಗಸರ ಕೈ ಹಿಡಿದು, ಗೆಣ್ಣು ಒತ್ತಿ, ಹೆಬ್ಬೆರಳು ಮಡಿಚಿ ಗಾಜಿನ ಬಳೆ ಏರಿಸಬೇಕು. ಏರಿಸುವಾಗ ಒಡೆದದ್ದು ಬಳೆಗಾರನ ನಷ್ಟ. ಒಡೆದ ಚೂರನ್ನು ಅಲ್ಲಿಯೇ ಬಿಟ್ಟು ಬರುವಂತೆಯೂ ಇಲ್ಲ. ಮುತ್ತೈದೆಯ ಅಂಗಳದಲ್ಲಿ ಒಡಕು ಬಳೆ ಬೀಳಬಾರದು ಎಂಬ ಶಾಸ್ತ್ರ ಒಂದು, ಬರಿಗಾಲಿನ ಮಕ್ಕಳು ತುಳಿದಾವು ಎಂಬ ಭಯ ಇನ್ನೊಂದು. ಅದಕ್ಕೇ ಹುಸೇನಪೀರನ ಸೊಂಟದಲ್ಲಿ ಸದಾ ಒಂದು ಪುಟ್ಟ ಚೀಲ. ಸಂಜೆ ಅದನ್ನು ತಗಡಿನ ಡಬ್ಬಿಗೆ ಸುರುವುವುದು ಕುಬ್ರಾಳ ಕೆಲಸ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಆ ಚೂರುಗಳಿಂದಲೇ ಗಂಡನ ದಿನ ಹೇಗೆ ಹೋಯಿತೆಂದು ಹೇಳಬಲ್ಲವಳಾಗಿದ್ದಳು. ಹಿಡಿ ತುಂಬ ಚೂರಿದ್ದರೆ ಸಂತೆ ಜೋರು. ಎರಡೇ ಎರಡಿದ್ದರೆ ಸಪ್ಪೆ.

ಈಗ ನಾಲ್ಕು ಶನಿವಾರದಿಂದ ಚೀಲ ಖಾಲಿ. ಒಂದು ಚೂರೂ ಇಲ್ಲ.

ಸಂತೆ ಆಗಿಲ್ಲವೇನೋ ಅನ್ನೋಣವೆಂದರೆ ಮಲಾರ ಹಗುರಾಗಿಯೇ ಬರುತ್ತಿತ್ತು. ಬಳೆಗಳು ಕೈ ಸೇರಿವೆ, ಒಂದೂ ಒಡೆದಿಲ್ಲ. ಇದು ಕೈಗೆ ಹಿಟ್ಟು ಮೆತ್ತದೆ ರೊಟ್ಟಿ ಬಡಿದೆ ಅಂದ ಹಾಗಾಯಿತು. ಕುಬ್ರಾ ಖಾಲಿ ಚೀಲವನ್ನು ಒಳಹೊರಗು ಮಾಡಿ ಝಾಡಿಸಿ, ಒಲೆಯ ಮುಂದೆ ಕೂತು ಯೋಚಿಸಿದಳು. ಒಡೆಯದಂತೆ ಬಳೆ ಏರಿಸುವುದು ಮೆತ್ತನೆಯ ಕೈಗೆ ಮಾತ್ರ ಸಾಧ್ಯ. ತನ್ನ ಗಂಡನ ಕೈ ಮೆತ್ತಗಿಲ್ಲ. ಅಂದಮೇಲೆ ಅವನ ಬದಲು ಯಾರೋ ಬಳೆ ತೊಡಿಸುತ್ತಿದ್ದಾರೆ. ಮೆತ್ತನೆಯ ಕೈಯವಳು. ಕೆಲಸ ಬಲ್ಲವಳು ಅಂದರೆ ನಮ್ಮ ಬಳೆಗಾರರ ಪೈಕಿಯವಳೇ. ಅವಳು ಸಂತೆಯಲ್ಲಿ ಕೂತು ಮಾರುತ್ತಾಳೆ, ಇವನು ಪಕ್ಕದಲ್ಲಿ ಕೂತು ಅವಳನ್ನು ನೋಡುತ್ತಾನೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ಬಳೆಗಾರನ ಹೆಂಡತಿಗಲ್ಲದೆ ಬೇರೆ ಯಾವ ಹೆಂಗಸಿಗೂ ಇಂಥ ತರ್ಕ ಹೊಳೆಯುತ್ತಿರಲಿಲ್ಲ, ಇಷ್ಟು ಅಚ್ಚುಕಟ್ಟಾಗಿ ತಪ್ಪಲು ಬೇರೆ ಯಾರಿಗೂ ಆಗುತ್ತಲೂ ಇರಲಿಲ್ಲ.

ಒಮ್ಮೆ ಹುಳ ಹೊಕ್ಕ ಮೇಲೆ ಎಲ್ಲವೂ ಸಾಕ್ಷಿಯೇ. ಶನಿವಾರ ಅವನು ಒಂದು ಬಸ್ಸು ತಡವಾಗಿ ಬರುತ್ತಿದ್ದ. ಅಂಗಿಯ ಬೆನ್ನಿಗೆ ಮಣ್ಣು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಜಗಳ ಬಿಟ್ಟಿದ್ದ.

ಹುಸೇನಪೀರ ಜಗಳಗಂಟನಲ್ಲ, ಆದರೆ ಒಂಬತ್ತು ವರ್ಷದಿಂದ ಗಂಡಹೆಂಡಿರ ನಡುವೆ ಒಂದು ಅಂಗಡಿ ಇತ್ತು. ರಾಯಚೂರಿನ ಬಜಾರಿನಲ್ಲಿ, ತೀನ್ ಕಂದೀಲಿನ ಹತ್ತಿರ ಒಂದು ಪಕ್ಕಾ ಬಳೆ ಅಂಗಡಿ. ಅದಿನ್ನೂ ಬಂದಿರಲಿಲ್ಲ, ಆದರೆ ಅದರ ಜಗಳ ದಿನವೂ ಬರುತ್ತಿತ್ತು. ಗಾಜಿನ ಕಪಾಟು ಎಡಕ್ಕೋ ಬಲಕ್ಕೋ, ಬೋರ್ಡು ಕನ್ನಡದಲ್ಲೋ ಉರ್ದುವಿನಲ್ಲೋ. ಊಟಕ್ಕೆ ಕೂತರೆ ಅವನ ಕಣ್ಣು ತಟ್ಟೆಯ ಮೇಲಿರುತ್ತಿರಲಿಲ್ಲ, ಗೋಡೆಯಾಚೆ ಎಲ್ಲೋ ಆ ಅಂಗಡಿಯ ಬಾಗಿಲಲ್ಲಿರುತ್ತಿತ್ತು. ಮಗಳ ಮದುವೆಯ ದಿನ ಬೀಗರ ಜತೆ ಮಾತಾಡುತ್ತಲೇ ಅವನು ಮನಸ್ಸಿನಲ್ಲಿ ಅಂಗಡಿಗೆ ಸುಣ್ಣ ಬಳಿಯುತ್ತಿದ್ದ. ಕುಬ್ರಾಗೆ ಗೊತ್ತಾಗಿತ್ತು, ಯಾಕೆಂದರೆ ಅವಳೂ ಅದನ್ನೇ ಮಾಡುತ್ತಿದ್ದಳು. ಆ ಮನುಷ್ಯ ಈಗ ಊಟ ಮಾಡುತ್ತಾ, "ಪುಂಡಿಪಲ್ಯ ಚಲೋ ಆಗ್ಯದ" ಅನ್ನುತ್ತಾನೆ!

ಮಗಳು ಗಂಡನ ಮನೆ ಸೇರಿಯಾಗಿತ್ತು. ಕುಬ್ರಾಗೆ ಇನ್ನು ಉಳಿದದ್ದು ಈ ಗಂಡ, ಬರಬೇಕಾದ ಆ ಅಂಗಡಿ. ಸವತಿಯೊಬ್ಬಳು ಬಂದರೆ ಎರಡೂ ಹೋದ ಹಾಗೆ.

ಬೆಂಕಿಗೆ ಎಣ್ಣೆ ಸುರಿದವಳು ಓಣಿಯ ರಂಜಾನಬಿ. ಚಹಾಪುಡಿ ಕೇಳಲು ಬಂದವಳು ಹೊಸ್ತಿಲಲ್ಲೇ ಕೂತು ಎಲೆಯಡಿಕೆ ಮೆಲ್ಲುತ್ತ, "ನಿನ್ನ ಗಂಡ ವಾರಾ ವಾರಾ ದೇವದುರ್ಗದಿಂದ ಬರಾಗ ಮಸರಕಲ್‌ನ್ಯಾಗ ಇಳೀತಾನಂತಲ್ಲ ಬೇ. ನನ್ನ ಅಳಿಯ ನೋಡ್ಯಾನ. ಅಲ್ಲಿ ಯಾರದಾರ ನಿಮ್ಮವರು?" ಅಂದಳು.

"ಯಾರಿಲ್ಲ ಖಾಲಾ."

"ಯಾರಿಲ್ಲ ಅಂದ್ರ ಯಾರೋ ಅದಾರ ಅಂತ ತಿಳೀಬೇಕು," ಎಂದು ರಂಜಾನಬಿ ಕೇಳಿದ್ದಕ್ಕಿಂತ ಎರಡರಷ್ಟು ಚಹಾಪುಡಿ ಒಯ್ದಳು.

ಆ ಸಂಜೆ ಕುಬ್ರಾ ರೊಟ್ಟಿ ಬಡಿಯುತ್ತಲೇ ಕೇಳಿಬಿಟ್ಟಳು. ಆ ಮನೆಯಲ್ಲಿ ಮಾತು ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ.

"ಮಸರಕಲ್‌ನ್ಯಾಗ ಯಾಕ ಇಳೀತೀರಿ?"

"ಕುಂದ್ರಾಕ."

"ಕುಂದ್ರಾಕ?"

"ಹೂಂ. ಸ್ಟಾಪಿನ ಹತ್ರ ಬೇವಿನ ಗಿಡ ಅದ, ಕಟ್ಟಿ ಅದ. ಕುಂದುರ್ತೀನಿ. ಮುಂದಿನ ಬಸ್ಸಿಗೆ ಬರ್ತೀನಿ."

"ಯಾರ ಕೂಡ?"

"ಯಾರ ಕೂಡಾನೂ ಇಲ್ಲ."

"ಕುಂತು ಏನು ಮಾಡ್ತೀರಿ?"

"ಏನಿಲ್ಲ. ಸುಮ್ನ."

ಅವನು ತಡವರಿಸಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಹಳೇ ಗಿರಾಕಿ, ಬರಬೇಕಾದ ಬಾಕಿ ಎಂದು ಏನಾದರೂ ಬಣ್ಣದ ಸುಳ್ಳು ಹೇಳಿದ್ದರೆ ನಂಬಲೂಬಹುದಿತ್ತು. ಇಷ್ಟು ಬಡಕಲು ಸುಳ್ಳು ಹೇಳುವವನು ಒಂದೋ ಪೆದ್ದ, ಇಲ್ಲಾ ಪಕ್ಕಾ ಕಳ್ಳ. ತನ್ನ ಗಂಡ ಪೆದ್ದನಲ್ಲ ಎಂದು ಕುಬ್ರಾಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಬಸ್ಸಿನ ತನಕ ಎರಡು ಗಂಟೆ ಸುಮ್ಮನೆ ಕೂರುವುದಂತೆ! ಎಮ್ಮೆ ಕೂಡ ಕೂತರೆ ಮೆಲುಕು ಹಾಕುತ್ತದೆ.

ಸೋಮವಾರ ಅವಳು ಮಾನ್ವಿಯ ಬಸ್ಸು ಹತ್ತಿದಳು. ಅಲ್ಲಿ ಅವಳ ಅಣ್ಣ ಖಾಸಿಂ ಸಾಬ್ ಶೇಂಗಾ ವ್ಯಾಪಾರ ಮಾಡಿಕೊಂಡಿದ್ದ. ಈ ವಿಷಯದಲ್ಲಿ ಅವನಷ್ಟು ಅನುಭವ ಇದ್ದವರು ಬಂಧುಬಳಗದಲ್ಲಿ ಬೇರೆ ಇರಲಿಲ್ಲ. ಶೇಂಗಾ ನೋಡಿ ಬರುತ್ತೇನೆಂದು ಹೇಳಿ ಏಳು ವರ್ಷ ಮಲ್ಲಟದಲ್ಲಿ ಇನ್ನೊಂದು ಮನೆ ನಡೆಸಿದ್ದ ಗಟ್ಟಿಗ. ಇದಕ್ಕೇನು ಜಾತಿಯಿಲ್ಲ ಬಿಡಿ. ಆ ಮನೆಯ ಎದುರಿನ ಗೌಡನೂ ಅದೇ ಕೆಲಸಕ್ಕೆ ಎತ್ತು ನೋಡಲು ಹೋಗುತ್ತಿದ್ದ.

ಖಾಸಿಂ ಸಾಬ್ ಎಲ್ಲವನ್ನೂ ಡಾಕ್ಟರನಂತೆ ಕೇಳಿಸಿಕೊಂಡ.

"ಜಗಳ ಬಿಟ್ಟಾನ?"

"ಬಿಟ್ಟಾರ ಭಾಯಿಜಾನ್."

"ಅಡಿಗಿ ಚಲೋ ಅದ ಅಂತಾನ?"

"ಪುಂಡಿಪಲ್ಯ ಚಲೋ ಆಗ್ಯದ ಅಂದ್ರು."

ಅಣ್ಣ ಕಣ್ಣು ಮುಚ್ಚಿ ತಲೆಯಾಡಿಸಿದ. "ಮುಗೀತು. ಹೊಸ ಮನಿ ಮಾಡಿದ ಗಂಡಸು ಹಳೇ ಮನ್ಯಾಗ ಜಗಳ ಬಿಡ್ತಾನ, ಕುಬ್ರಾ. ನಾನೂ ಬಿಟ್ಟಿದ್ದೆ. ಹಿಂದ ಹೋಗಿ ಕಣ್ಣಾರೆ ನೋಡು. ಆಮ್ಯಾಲ ಅಂವನ್ನ ಅಂಗಡ್ಯಾಗ ಕುಂದ್ರಿಸಿ ಬಿಡು. ತಿರುಗೋ ಗಂಡಸಿಗಷ್ಟೇ ಎರಡು ಮನಿ. ಗಾದಿ ಮ್ಯಾಲ ಕುಂತಾಂವಗ ಒಂದ ಮನಿ. ಅಂಗಡಿ ಮಾತು ನಾ ಆಡ್ತೀನಿ."

ತಾ ಕಳ್ಳ ಪರರ ನಂಬ ಎಂಬ ಮಾತು ಕುಬ್ರಾಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಳ್ಳನನ್ನು ಹಿಡಿಯಲು ಕಳ್ಳನಿಗಿಂತ ಒಳ್ಳೆಯ ಗುರು ಯಾರು?

ಶನಿವಾರ ಗಂಡ ಹೊರಟ ಐದು ನಿಮಿಷಕ್ಕೆ ಅವಳು ಬುರ್ಖಾ ತೊಟ್ಟು ಬೀಗ ಹಾಕಿದಳು. ಬಸ್ಸಿನಲ್ಲಿ ಬುರ್ಖಾದವರೇ ಆರೇಳು ಮಂದಿ. ಗಬ್ಬೂರು ದಾಟಿ, ಮಸರಕಲ್ ದಾಟಿ ದೇವದುರ್ಗ ಬರುವ ತನಕ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಸಂತೆಯಲ್ಲಿ ಅವಳು ಬೆಲ್ಲದ ಅಂಗಡಿಯ ಮರೆಗೆ ನಿಂತು, ಮೆತ್ತನೆಯ ಕೈಯವಳು ಬಂದಾಳೆಂದು ಕಾದಳು.

ಅವಳು ಬರಲಿಲ್ಲ. ಹುಸೇನಪೀರ ಚಾಪೆ ಹಾಸಿ ತಾನೇ ಕೂತ. ಮೊದಲು ಬಂದವಳು ಹೊಲದ ಕೆಲಸದ ಮುದುಕಿ. ಒಡೆದ ಅಂಗೈ, ಸೆಟೆದ ಗೆಣ್ಣು. ಮುಂಚೆಯಾಗಿದ್ದರೆ ಹುಸೇನಪೀರ ಅವಳ ಕೈ ಹಿಡಿದುಕೊಂಡೇ ಮುಂದಿನ ಗಿರಾಕಿಯನ್ನು ಕೂಗುತ್ತಿದ್ದ. ಈಗ ಕೂಗಲಿಲ್ಲ. ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳೊಂದೊಂದನ್ನೇ ಸಡಿಲಿಸಿದ. ಮುದುಕಿಯ ಬಿಗಿತ ಇಳಿಯುವ ತನಕ ಕಾದ. ಬಳೆ ಗೆಣ್ಣಿನ ಹತ್ತಿರ ನಿಂತಾಗ ಒತ್ತಲಿಲ್ಲ, ಸುಮ್ಮನೆ ಹಿಡಿದ. ಮುದುಕಿ ಉಸಿರು ಬಿಟ್ಟಳು, ಬಳೆ ತಾನಾಗಿ ಜಾರಿತು. ಆ ಹೊತ್ತಿನಲ್ಲಿ ಅವನಿಗೆ ಇಡೀ ದೇವದುರ್ಗದಲ್ಲಿ ಆ ಕೈ ಬಿಟ್ಟು ಬೇರೇನೂ ಇದ್ದಂತೆ ಕಾಣಲಿಲ್ಲ.

ಬಳೆಗಾರನ ಹೆಂಡತಿ ಊರ ಹೆಂಗಸರ ಕೈಗಳ ಬಗ್ಗೆ ಹೊಟ್ಟೆಕಿಚ್ಚು ಪಟ್ಟರೆ ಸಂಸಾರ ನಡೆಯುವುದಿಲ್ಲ ಎಂದು ಕುಬ್ರಾಳ ಅತ್ತೆ ಮೊದಲ ದಿನವೇ ಹೇಳಿದ್ದಳು, ಅವಳು ಪಟ್ಟವಳೂ ಅಲ್ಲ. ಆದರೆ ತನ್ನ ಕೈಯನ್ನು ಅವನು ಹೀಗೆ ಹಿಡಿದು ಎಷ್ಟು ವರ್ಷವಾಯಿತು? ಹಿಡಿದಿದ್ದನಾದರೂ ಯಾವಾಗ?

ಸಂತೆಯಲ್ಲಿ ಸಹಾಯಕ್ಕೆ ಹೆಂಗಸಿಲ್ಲ ಎಂಬುದಂತೂ ಖಾತ್ರಿಯಾಯಿತು. ಆದರೆ ಅನುಮಾನ ಸಾಯುವಾಗ ಮರಿ ಹಾಕಿಯೇ ಸಾಯುತ್ತದೆ. ಇಲ್ಲಿಲ್ಲ ಅಂದರೆ ಮಸರಕಲ್‌ನಲ್ಲಿದ್ದಾಳೆ.

ಮಧ್ಯಾಹ್ನದ ಬಸ್ಸಿನಿಂದ ಅವನು ಮಸರಕಲ್‌ನಲ್ಲಿ ಇಳಿದ. ಅವಳು ಹಿಂದಿನ ಬಾಗಿಲಿಂದ, ಎಲ್ಲರೂ ಇಳಿದ ಮೇಲೆ ಇಳಿದಳು. ಬೇವಿನ ಮರ ಇತ್ತು, ಕಟ್ಟೆ ಇತ್ತು. ಕಟ್ಟೆಯ ಕೆಳಗೆ ಬೂದೆಮ್ಮ ಎಂಬ ಮುದುಕಿ ಒಗ್ಗರಣೆ ಹಾಕಿದ ಮಂಡಾಳು, ಮಿರ್ಚಿ ಬಜ್ಜಿ ಮಾರುತ್ತಿದ್ದಳು. ರಸ್ತೆಯಾಚೆ ಸೇದುವ ಬಾವಿ. ಕುಬ್ರಾ ಬಾವಿಯ ಪಕ್ಕದ ಮೋಟು ಗೋಡೆಯ ನೆರಳಿಗೆ ಕೂತಳು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಬರಲಿ.

ನೀರಿಗೆ ಹದಿನೇಳು ಹೆಂಗಸರು ಬಂದರು. ಒಬ್ಬೊಬ್ಬಳನ್ನೂ ಕುಬ್ರಾ ಅಡಿಯಿಂದ ಮುಡಿಯವರೆಗೆ ಜರಡಿ ಹಿಡಿದಳು. ಯಾರೂ ಕಟ್ಟೆಯತ್ತ ಕಣ್ಣು ಹೊರಳಿಸಲಿಲ್ಲ. ಹುಸೇನಪೀರ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ, ಅಷ್ಟೇ. ಮಂಡಾಳು ತಿಂದ. ಮೇಕೆಗಳು ಹೋದವು, ನೋಡಿದ. ಹೆಂಗಸರು ಹೋದರು, ಅದೇ ಕಣ್ಣಿನಿಂದ ನೋಡಿದ. ಯಾರೂ ಇಲ್ಲದಾಗ ಖಾಲಿ ರಸ್ತೆಯನ್ನೂ ಹಾಗೆಯೇ ನೋಡಿದ. ಬಿಸಿಲು ಅವಳ ಕಾಲಿನಿಂದ ಮೊಣಕಾಲಿಗೆ ಏರಿತು.

ಬಸ್ಸು ಬಂತು. ಅವಳು ಮುಸುಕು ಬಿಗಿಮಾಡಿ ಹತ್ತಲು ಹೋದರೆ ಬಾಗಿಲಲ್ಲಿ ಅವನು ಪಕ್ಕಕ್ಕೆ ಸರಿದು, "ಮೊದಲ ನೀ ಹತ್ತು. ಕಾಲು ಜೋಮು ಹಿಡಿದಿರಬೇಕು," ಅಂದ.

ಕುಬ್ರಾ ಮುಸುಕಿನೊಳಗೇ ಬೆವತಳು. ಸೀಟಿನಲ್ಲಿ ಕೂತ ಮೇಲೆ ಕೇಳಿದಳು: "ಯಾವಾಗ ಗೊತ್ತಾತು?"

"ಮುಂಜಾನಿ, ಬಸ್ ಸ್ಟ್ಯಾಂಡಿನ್ಯಾಗ. ನಿನ್ನ ನಡಿಗಿ ನನಗ ಗೊತ್ತಾಗಂಗಿಲ್ಲೇನು?"

ಮೊದಲಾಗಿದ್ದರೆ ಮುಸುಕಿಲ್ಲದೆ ಎದುರಿಗೆ ನಿಂತರೂ ಅವನಿಗೆ ಗೊತ್ತಾಗುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಆ ಮಾತು ಬಾಯಿಗೆ ಬರುವ ಮೊದಲು ಅವನೇ ಶುರು ಮಾಡಿದ.

"ಉಗಾದಿ ಮುಂದ ದೇವದುರ್ಗದಾಗ ಒಂದು ಕುಬಸದ ಮನಿ ಇತ್ತು. ಹುಡುಗಿಗೆ ಒಂಬತ್ತು ತಿಂಗಳು. ಹಸಿರು ಬಳಿ ಇಡಸಬೇಕು. ಆಕಿ ಕೈ ನನ್ನ ಕೈಯಾಗಿತ್ತು, ನಾ ಮಾತ್ರ ತೀನ್ ಕಂದೀಲಿನ್ಯಾಗಿದ್ದೆ. ಅಂಗಡಿ ಬಾಗಿಲಿಗೆ ಯಾವ ಬಣ್ಣ ಹೊಡಸೂದು ಅಂತ. ಒತ್ತಿಬಿಟ್ಟೆ. ಮೂರು ಬಳಿ ಒಮ್ಮೆಲೆ ಹೋದುವು, ನರ ಕೊಯ್ತು. ರಕ್ತ ನಿಲ್ಲವಲ್ದು. ಆರತಿ ತಟ್ಟಿ ಮ್ಯಾಲೆಲ್ಲ ರಕ್ತ."

"ಯಾ ಅಲ್ಲಾ!"

"ಅವರವ್ವ ನನ್ನ ಬೈಲಿಲ್ಲ, ಕುಬ್ರಾ. ಸೆರಗು ಹರಿದು ಕಟ್ಟಿದಳು. ಕಟ್ಟಿ, 'ಬಳಿಗಾರಪ್ಪ, ನೀ ಎಲ್ಲಿದ್ದಿ?' ಅಂತ ಕೇಳಿದಳು. ಅಷ್ಟೇ." ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ಬರಾಗ ಬಸ್ಸಿನ್ಯಾಗ ವಾಂತಿ ಬಂದಂಗಾತು. ಇಲ್ಲಿ ಇಳಿದೆ. ಬೂದೆಮ್ಮ ನೀರು ಕೊಟ್ಟಳು. ಕುಂತೆ. ಎಷ್ಟು ವರ್ಷದಿಂದ ಈ ದಾರ್‍ಯಾಗ ಓಡಾಡೀನಿ, ಇಲ್ಲೊಂದು ಬಾವಿ ಅದ ಅನ್ನೂದು ಅವತ್ತು ಕಂಡೆ. ವಾರಕ್ಕೊಮ್ಮೆ ಕುಂತು ಬಂದ್ರ, ಕೈ ಹಿಡಿದಾಗ ಕೈ ಒಂದ ಇರ್ತದ. ಬ್ಯಾರೆ ಏನೂ ಇರಂಗಿಲ್ಲ."

"ಹುಡುಗಿ?"

"ಆರಾಮದಾಳ. ಗಂಡು ಕೂಸು. ಹೋಗಿ ನೋಡಿ ಬಂದೀನಿ."

ಕುಬ್ರಾಳ ಕಣ್ಣು ತುಂಬಿ ಬಂತು. ಗಂಡನ ಮೇಲೆ ಅಯ್ಯೋ ಅನ್ನಿಸಿತು. ಇಷ್ಟು ದೊಡ್ಡದನ್ನು ತನಗೆ ಹೇಳದೆ ಒಬ್ಬನೇ ಹೊತ್ತನಲ್ಲ ಎಂದು ನೋವಾಯಿತು. ಗಬ್ಬೂರು ಬರುವ ತನಕ ಅವಳು ಅತ್ತಳು. ಗಬ್ಬೂರು ದಾಟಿದ ಮೇಲೆ ಅವಳಿಗೆ ಹೊಳೆಯಿತು: ಮುಂಜಾನೆಯೇ ಗೊತ್ತಾಗಿತ್ತು ಅಂದರೆ, ಆ ಹೆಂಗಸಿಗೆ ಬರಬೇಡ ಎಂದು ಹೇಳಿ ಕಳಿಸಲು ಇಡೀ ದಿನ ಇತ್ತು.

"ಮುಂದಿನ ಶನಿವಾರ ನಾನೂ ಬರ್ತೀನಿ," ಅಂದಳು.

"ಬಾ," ಅಂದ ಅವನು, ಒಂದು ಚೂರೂ ಅಳುಕದೆ. ಆ ಅಳುಕದಿರುವಿಕೆಯನ್ನೂ ಅವಳು ಗಂಟು ಕಟ್ಟಿ ಇಟ್ಟುಕೊಂಡಳು.

ಹೀಗೆ ಅವಳ ಪಹರೆ ಶುರುವಾಯಿತು. ಶನಿವಾರ ಮಧ್ಯಾಹ್ನ ಅವಳು ರಾಯಚೂರಿನಿಂದ ನೇರ ಮಸರಕಲ್‌ಗೆ ಬಂದಿಳಿಯುವಳು, ಅವನು ದೇವದುರ್ಗದ ಕಡೆಯಿಂದ ಬಂದಿಳಿಯುವನು. ಇಬ್ಬರೂ ಕಟ್ಟೆಯ ಮೇಲೆ ಕೂರುವರು. ಅವನು ಸುಮ್ಮನೆ, ಅವಳು ಕಾವಲಿಗೆ. ವಿಷಯವನ್ನು ಮೂರನೇ ವಾರಕ್ಕೇ ಮೂಸಿ ಹಿಡಿದ ಬೂದೆಮ್ಮ, "ಬಂದಿ ಏನವ್ವಾ? ನಿನ್ನ ಸವತಿ ಇನ್ನಾ ಬಂದಿಲ್ಲ. ಮಿರ್ಚಿ ತಿನ್ನು, ಅಷ್ಟರಾಗ ಬರ್ತಾಳ," ಎಂದು ಬೊಚ್ಚು ಬಾಯಿ ತುಂಬ ನಗುವಳು.

ಕುಬ್ರಾ ನಗುತ್ತಿರಲಿಲ್ಲ. ಸವತಿಯನ್ನು ಹುಡುಕುವ ಹೆಂಗಸು ನೋಡುವಂತೆ ಲೋಕವನ್ನು ಸೂಫಿಯೂ ನೋಡುವುದಿಲ್ಲ, ಸನ್ಯಾಸಿಯೂ ನೋಡುವುದಿಲ್ಲ. ಯಾರು ಎಡಗಾಲು ಎಳೆದು ನಡೆಯುತ್ತಾಳೆ, ಯಾರ ಕೊಡ ಸೋರುತ್ತದೆ, ಯಾರಿಗೆ ಮೊನ್ನೆಗಿಂತ ಇವತ್ತು ಹೊಟ್ಟೆ ಮುಂದೆ ಬಂದಿದೆ, ಎಲ್ಲವೂ ಅವಳಿಗೆ ಬಾಯಿಪಾಠವಾಯಿತು. ನೀರು ಸೇದುವಾಗ ಕೊರಗಿದಂತೆ ಹಾಡುವ ಗೋಪಮ್ಮ ಎಂಬವಳ ಮೇಲೆ ಎರಡು ವಾರ ಗುಮಾನಿ ಇತ್ತು, ಆಮೇಲೆ ಅವಳ ಹಾಡು ಕೇಳಿಸದ ದಿನ ಕುಬ್ರಾಳೇ ಎದ್ದು ಹೋಗಿ, "ಜ್ವರ ಬಂದದೇನು?" ಎಂದು ವಿಚಾರಿಸಿದಳು. ಬೇವಿನ ಹೂ ಉದುರುವ ತಿಂಗಳು ಹೋಯಿತು, ಮಳೆ ಬಂತು. ಮಳೆಯಲ್ಲಿ ಇಬ್ಬರೂ ಬೂದೆಮ್ಮನ ತಟ್ಟಿನ ಚಪ್ಪರದಡಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಅಂಗಡಿಯ ಮಾತು ಅಲ್ಲಿ ಬರುತ್ತಲೇ ಇರಲಿಲ್ಲ. ಮಾತೇ ಹೆಚ್ಚು ಬರುತ್ತಿರಲಿಲ್ಲ. ಒಂದು ಸಲ ಅವನು ಅವಳ ಕೈ ತೆಗೆದುಕೊಂಡು ಗೆಣ್ಣುಗಳನ್ನು ಮೆಲ್ಲಗೆ ಸಡಿಲಿಸಿದ, ಬಳೆಯೇನೂ ಇಡದೆ.

ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಧಿಗ್ಗನೆ ನೆನಪಾಯಿತು: ಇವತ್ತು ತಾನು ಬಾವಿಯ ಕಡೆ ನೋಡಿಯೇ ಇಲ್ಲ! ಯಾರು ಬಂದರು, ಯಾರು ಹೋದರು, ಒಂದೂ ಗೊತ್ತಿಲ್ಲ. ಅವಳು ಇವತ್ತೇ ಬಂದು ಹೋಗಿದ್ದರೆ? ಕೈ ಹಿಡಿದದ್ದೂ ತನ್ನ ಕಣ್ಣು ಆ ಕಡೆ ಹೋಗದಿರಲೆಂದೇ ಇದ್ದರೆ? ಅನುಮಾನ ಮತ್ತೆ ಸಿಕ್ಕಿತಲ್ಲ ಎಂದು ಅವಳಿಗೆ ಒಂಥರಾ ನೆಮ್ಮದಿಯಾಯಿತು. ಹಾಗಾದರೆ ಮುಂದಿನ ವಾರವೂ ಬರಲೇಬೇಕು.

ಅತ್ತ ಮಾನ್ವಿಯ ಅಣ್ಣ ಕೊಟ್ಟ ಮಾತಿನಂತೆ ಅಂಗಡಿಯ ಕೆಲಸ ಮಾಡಿ ಮುಗಿಸಿದ್ದ. ತೀನ್ ಕಂದೀಲಿನ ಹತ್ತಿರ ವೆಂಕಣ್ಣ ಶೆಟ್ಟಿಯ ಮೂರು ಅಂಗಡಿಗಳಲ್ಲಿ ಒಂದು ಖಾಲಿಯಾಗಿತ್ತು. ಒಂಬತ್ತು ವರ್ಷದ ಉಳಿತಾಯಕ್ಕೆ ಅಣ್ಣನದಿಷ್ಟು ಸೇರಿದರೆ ಪಗಡಿಗೆ, ಅಂದರೆ ಅಂಗಡಿಯ ಮುಂಗಡಕ್ಕೆ, ಸಾಲುತ್ತಿತ್ತು. ಖಾಸಿಂ ಸಾಬ್ ಬಂದು, "ಇನ್ನ ಅಂವ ನಿನ್ನ ಕಣ್ಣ ಮುಂದ. ಮಸರಕಲ್ಲೂ ಇಲ್ಲ, ಮಣ್ಣೂ ಇಲ್ಲ," ಎಂದು ಮೀಸೆ ತಿರುವಿ ಹೋದ. ಹುಸೇನಪೀರನನ್ನು ಕೇಳಿದರೆ, "ನೀ ಹೂಂ ಅಂದ್ರ ಹೂಂ," ಅಂದ. ಕುಬ್ರಾ ಹೂಂ ಅಂದಳು. ಒಂಬತ್ತು ವರ್ಷ ಬಯಸಿದ್ದಕ್ಕೆ ಬೇರೇನು ಅನ್ನುವುದು?

ಗುರುವಾರ ಮುಂಜಾನೆ ಇಬ್ಬರೂ ಹೋದರು. ಒಳ್ಳೆಯ ಅಂಗಡಿ. ಒಳಗೆ ಕಡಪ ಕಲ್ಲು, ಗೋಡೆಗೆ ಹೊಸ ಸುಣ್ಣ, ಎದುರಿಗೆ ಜನವೋ ಜನ. ಕುಬ್ರಾ ಒಳಗೆ ನಿಂತು ಗೋಡೆಗಳನ್ನು ಅಂಗೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಗಾಜಿನ ಕಪಾಟು ಬಲಕ್ಕೇ ಸರಿ. ಅವಳಿಗೆ ಖುಷಿಯಾಯಿತು, ಇಲ್ಲವೆಂದರೆ ಸುಳ್ಳಾದೀತು.

ವೆಂಕಣ್ಣ ಕೀಲಿಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೇಳುತ್ತಿದ್ದ: "ಇದು ಬರೇ ಶುರು, ಹುಸೇನ ಸಾಬ್. ಎರಡು ವರ್ಷ ದುಡೀರಿ, ಮಗ್ಗಲಿಂದೂ ಕೊಡ್ತೀನಿ. ಐದು ವರ್ಷಕ್ಕ ಮ್ಯಾಲೊಂದು ಅಂತಸ್ತು. ಮನುಷ್ಯಾಗ ಮುಂದಿಂದು ಕಾಣಬೇಕ್ರಿ."

"ಹೌದ್ರಿ ಶೆಟ್ರ," ಅಂದ ಹುಸೇನಪೀರ.

"ಒಂದ ಮಾತು ಮೊದಲ ಹೇಳ್ತೀನಿ. ಶನಿವಾರ ಈ ಸಾಲಿನ ಖರೇ ದಿನ. ಹತ್ತಿ ಮಾರಾಕ ಬಂದ ಹಳ್ಳಿ ಮಂದಿ ಹೆಂಡ್ರ ಮಕ್ಕಳನ್ನ ಕರಕೊಂಡು ಇಲ್ಲೇ ಬರ್ತಾರ. ಶನಿವಾರ ಬಾಗಲಾ ಹಾಕಿದ್ರ ನನ್ನ ಸಾಲಿನ ಹೆಸರು ಕೆಡ್ತದ. ಏನಾದ್ರೂ ಆಗಲಿ, ಶನಿವಾರ ತಗದಿರಬೇಕು."

ಕುಬ್ರಾ ಗಂಡನ ಮುಖ ನೋಡಿದಳು. ಆರು ತಿಂಗಳ ಪಹರೆಯಲ್ಲಿ ಪಳಗಿದ ಕಣ್ಣು ಅದು. ರೆಪ್ಪೆ ಅದುರಿದರೂ ಬಿಡುತ್ತಿರಲಿಲ್ಲ. ಈಗ ಸಿಕ್ಕಿಬಿದ್ದ ಅಂದುಕೊಂಡಳು. ಅಲ್ಲೊಬ್ಬಳು ಇದ್ದರೆ ಈಗ ನೆಪ ತೆಗೆಯಬೇಕು, ಶನಿವಾರ ಬೇರೆ ಕೆಲಸ ಅದ ಎನ್ನಬೇಕು, ಕಡೆಗೆ ಒಂದು ಗಳಿಗೆ ತಡೆದಾದರೂ ಉತ್ತರ ಕೊಡಬೇಕು.

"ಆತು ಬಿಡ್ರಿ," ಅಂದ ಹುಸೇನಪೀರ. "ಶನಿವಾರ ಎಲ್ಲೂ ಹೋಗಂಗಿಲ್ಲ."

ಅಷ್ಟೇ. ನಷ್ಟವಾದವನ ಮುಖವಲ್ಲ, ಅಡಗಿಸಿದವನ ಮುಖವೂ ಅಲ್ಲ. ಹೆಂಡತಿ ಬಯಸಿದ್ದಾಳೆ, ಕೊಟ್ಟನು. ಕುಬ್ರಾಗೆ ಕಾಲ ಕೆಳಗಿನ ಕಡಪ ಕಲ್ಲು ತಣ್ಣಗೆ ಕೊರೆಯಿತು. ಯಾರೂ ಇರಲಿಲ್ಲ. ಮಸರಕಲ್‌ನಲ್ಲಿ ಯಾವ ಹೆಂಗಸೂ ಇರಲಿಲ್ಲ, ಎಂದೂ ಇರಲಿಲ್ಲ. ಆರು ತಿಂಗಳು ಬಿಸಿಲು ಮಳೆಯಲ್ಲಿ ಕೂತು ಹುಡುಕಿದ ಪುರಾವೆ ಇಗೋ, ಎರಡು ಮಾತಿನಲ್ಲಿ ಕೈಗೆ ಬಂದು ಬಿತ್ತು. ಕುಣಿದಾಡಬೇಕಿತ್ತು. ಆದರೆ ಅವಳಿಗೆ ಆದದ್ದು ದುಃಖ, ಬರೀ ದುಃಖ. ಅನುಮಾನ ಇಲ್ಲದ ಮೇಲೆ ಯಾವ ಮುಖ ಇಟ್ಟುಕೊಂಡು ಶನಿವಾರ ಬಸ್ಸು ಹತ್ತುವುದು?

ವೆಂಕಣ್ಣ ಕೀಲಿಕೈ ಮುಂದೆ ಚಾಚಿದ. "ಹಿಡೀರಿ. ಬಿಸ್ಮಿಲ್ಲಾ ಅನ್ರಿ. ಮಗ್ಗಲ ಅಂಗಡೀನೂ ಈಗಲೇ ಒಮ್ಮೆ ನೋಡಿಬಿಡ್ತೀರೇನು? ಎರಡು ವರ್ಷ ಅಂದ್ರ ಏನ್ರಿ, ಕಣ್ಣು ಮುಚ್ಚಿ ತೆಗಿಯೂದರಾಗ ಹೋಗ್ತದ."

ಹುಸೇನಪೀರ ಕೈ ಚಾಚಿದ. ಅವನ ಕಣ್ಣು ವೆಂಕಣ್ಣನ ಬೆರಳು ತೋರಿದ ಕಡೆಗೆ, ಮಗ್ಗುಲ ಗೋಡೆಯಾಚೆಗೆ ಹೊರಳತೊಡಗಿತ್ತು.

"ನಕ್ಕೋ," ಅಂದಳು ಕುಬ್ರಾ, ಮನೆಯ ದಖನಿಯಲ್ಲಿ.

ಶೆಟ್ಟಿಗೆ ಕೇಳಿಸಿದ್ದು ನಂಬಿಕೆಯಾಗಲಿಲ್ಲ. "ಏನಂದ್ರಿ?"

"ಬ್ಯಾಡ್ರಿ ಶೆಟ್ರ. ಅಂಗಡಿ ನಮಗ ಬ್ಯಾಡ."

"ನಿಮ್ಮಣ್ಣ ಮಾತು ಕೊಟ್ಟಾರಲ್ರಿ!"

"ಅವರಿಗೇ ಕೊಡ್ರಿ ಹಂಗಾದ್ರ. ಅವರು ಒಂದ ಕಡೆ ಕುಂದ್ರೂದು ಚಲೋ."

ಆಮೇಲೆ ವೆಂಕಣ್ಣ ಅಂದದ್ದನ್ನು ಬರೆಯುವುದು ಬೇಡ. ಖಾಸಿಂ ಸಾಬ್ ಒಂದು ವರ್ಷ ತಂಗಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಂಗಡಿ ಎಂಟೇ ದಿನದಲ್ಲಿ ಒಬ್ಬ ಸ್ಟೀಲ್ ಪಾತ್ರೆಯವನ ಪಾಲಾಯಿತು. ಹುಸೇನಪೀರ ಮುದುಕನಾಗುವ ತನಕ ಮಲಾರ ಹೊತ್ತ. ಬದುಕು ಅದರಿಂದ ಸುಲಭವೇನೂ ಆಗಲಿಲ್ಲ. ತೀನ್ ಕಂದೀಲಿನ ಕಡೆ ಹೋದಾಗಲೆಲ್ಲ ಕುಬ್ರಾ ಆ ಬಾಗಿಲು ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಅವತ್ತಂತೂ ಅವಳು ಬಜಾರಿನ ನಡುವೆಯೇ ಅತ್ತುಬಿಟ್ಟಳು. ಒಂಬತ್ತು ವರ್ಷ, ಒಂದೊಂದು ಹೊತ್ತಿನ ತುತ್ತು ಹಿಡಿದು ಕಟ್ಟಿದ ಆಸೆ. ಗಂಡ ಪಕ್ಕದಲ್ಲಿ ನಡೆಯುತ್ತಿದ್ದ. ಸಮಾಧಾನ ಹೇಳಲಿಲ್ಲ, ಅವಸರವನ್ನೂ ಮಾಡಲಿಲ್ಲ. ಜನ ಕಡಿಮೆಯಾದ ಕಡೆ ನಿಂತು, "ಯಾಕ ಬ್ಯಾಡ ಅಂದಿ?" ಎಂದು ಕೇಳಿದ.

ಕುಬ್ರಾ ಮೂಗು ಒರೆಸಿಕೊಂಡಳು. ಇಪ್ಪತ್ತು ವರ್ಷದಲ್ಲಿ ಗಂಡನಿಗೆ ಹೇಳಿದ ಸುಳ್ಳುಗಳಲ್ಲಿ ಇಷ್ಟು ಗಟ್ಟಿಯಾಗಿ, ಕಣ್ಣಿಗೆ ಕಣ್ಣಿಟ್ಟು ಹೇಳಿದ ಸುಳ್ಳು ಇನ್ನೊಂದಿರಲಿಲ್ಲ.

"ನನಗ ನಿಮ್ಮ ಮ್ಯಾಲ ಇನ್ನಾ ಅನುಮಾನ ಅದ," ಅಂದಳು. "ಶನಿವಾರ ನಾ ಬರಬೇಕು."